ಗಂಟೆಗೆ ಆರೂಕಾಲು ರೂಪಾಯಿ

ಮೈಸೂರಿನಿಂದ ಬೆಂಗಳೂರಿಗೆ ರೈಲಿನ ಹಾದಿ 139 ಕಿಲೋಮೀಟರು. ರೈಲ್ವೆಯವರು ಸೀಸನ್ ಟಿಕೆಟ್ಟು ಕೊಡುವುದು 150 ಕಿಲೋಮೀಟರಿನವರೆಗೆ ಮಾತ್ರ. ಈ ಎರಡು ಊರುಗಳು ಇನ್ನೊಂದು ಹನ್ನೆರಡು ಕಿಲೋಮೀಟರು ದೂರವಾಗಿದ್ದಿದ್ದರೆ, ಒಂದರಲ್ಲಿ ಉಂಡು ಇನ್ನೊಂದರಲ್ಲಿ ದುಡಿಯುವ ಒಂದು ದೊಡ್ಡ ಸಮುದಾಯವೇ ಹುಟ್ಟುತ್ತಿರಲಿಲ್ಲ. ಬ್ರಹ್ಮನು ಹಣೆಯಲ್ಲಿ ಬರೆಯುವಾಗ ರೈಲ್ವೆಯ ದರಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡಿರುತ್ತಾನೋ ಏನೋ!

ರಾಯರು ಈ ಸಮುದಾಯಕ್ಕೆ ಸೇರಿದವರು. ಕೃಷ್ಣಮೂರ್ತಿಪುರದ ಹೆಂಚಿನ ಮನೆಯಿಂದ ನಸುಕಿನಲ್ಲೇ ಹೊರಟು, ರಾಜಧಾನಿಯ ಒಂದು ಸರ್ಕಾರಿ ಕಛೇರಿಯಲ್ಲಿ ಹಗಲನ್ನು ಕಳೆದು, ರಾತ್ರಿ ಒಂಬತ್ತರ ಹೊತ್ತಿಗೆ ಮನೆಯ ಬಾಗಿಲು ತಟ್ಟುವ ಕ್ರಮಕ್ಕೆ ಈಗ ಹದಿನೈದು ವರ್ಷ. ಕಂಡವರೆಲ್ಲ “ಪಾಪ, ಎಷ್ಟು ಕಷ್ಟ!” ಎನ್ನುತ್ತಾರೆ. ರಾಯರು ಒಂದು ನಿಟ್ಟುಸಿರು ಬಿಟ್ಟು, “ಏನು ಮಾಡುವುದು, ಸಂಸಾರ” ಎನ್ನುತ್ತಾರೆ. ಆ ನಿಟ್ಟುಸಿರಿನಲ್ಲಿ ನಿಜದ ಪಾಲೆಷ್ಟು ಎಂಬ ಪ್ರಶ್ನೆ ಬಹುಕಾಲ ಯಾರಿಗೂ ಹೊಳೆದಿರಲಿಲ್ಲ. ರಾಯರಿಗಂತೂ ಹೊಳೆದಿರಲೇ ಇಲ್ಲ.

ಏಕೆಂದರೆ ಆ ಪ್ರಯಾಣವೇ ಅವರ ದಿನದ ಅತ್ಯಂತ ಸುಖದ ಭಾಗ. ಬೆಳಗಿನ ಗಾಡಿ ಹೊರಡುವ ಮುನ್ನವೇ ಕಾಯ್ದಿರಿಸದ ಡಬ್ಬಿಯಲ್ಲಿ ಕಿಟಕಿಯ ಪಕ್ಕದ ಸ್ಥಳವೊಂದು ಅವರಿಗಾಗಿ ಕಾದಿರುತ್ತದೆ. ಕಾಯ್ದಿರಿಸದ ಡಬ್ಬಿಯಲ್ಲಿ ಸ್ಥಳ ಕಾದಿರುವುದೆಂತು ಎಂದು ಹೊಸಬರು ಕೇಳಬಹುದು. ಒಬ್ಬರ ಕರವಸ್ತ್ರವೋ ಇನ್ನೊಬ್ಬರ ಮಡಿಸಿದ ಪತ್ರಿಕೆಯೋ ಆಸನದ ಮೇಲೆ ಬಿದ್ದಿದ್ದರೆ ಅದು ನೋಂದಣಿಯಾದ ಕ್ರಯಪತ್ರಕ್ಕೆ ಸಮಾನ. ಈ ಧರ್ಮಶಾಸ್ತ್ರವನ್ನು ರೈಲ್ವೆ ಇಲಾಖೆ ಒಪ್ಪಿಲ್ಲ, ಡಬ್ಬಿ ಒಪ್ಪಿದೆ.

ಶ್ರೀರಂಗಪಟ್ಟಣದಲ್ಲಿ ಗಾಡಿ ಕಾವೇರಿಯ ಎರಡು ಕವಲುಗಳನ್ನು ದಾಟಬೇಕು. ಮೊದಲ ಸೇತುವೆಯ ಮೇಲೆ ಗಾಲಿಯ ಸದ್ದು ಬದಲಾದೊಡನೆ ಹಿರಿಯರೊಬ್ಬರು ತೂಕಡಿಕೆಯಲ್ಲೇ ಕೈಮುಗಿಯುತ್ತಾರೆ. ಎರಡನೆಯ ಸೇತುವೆ ಬರುವ ಹೊತ್ತಿಗೆ ರಾಯರು ಕನ್ನಡಕ ಒರೆಸಿಕೊಂಡು ಪುಸ್ತಕ ಬಿಚ್ಚಿರುತ್ತಾರೆ. ಪಾಂಡವಪುರ ಕಳೆದು ಮಂಡ್ಯದ ಸೀಮೆಗೆ ಬಂದರೆ ಕನ್ನಂಬಾಡಿಯ ನೀರುಂಡ ಗದ್ದೆಗಳು, ಕಬ್ಬಿನ ತೋಟಗಳು, ಅಲ್ಲಲ್ಲಿ ಆಲೆಮನೆಯ ಹೊಗೆ. ಕುಮಾರವ್ಯಾಸನ ಹತ್ತು ಪರ್ವಗಳನ್ನೂ ಅವರು ಓದಿ ಮುಗಿಸಿದ್ದು ಮನೆಯ ಜಗಲಿಯಲ್ಲಲ್ಲ, ಈ ಗದ್ದೆಗಳ ನಡುವೆ. ಮದ್ದೂರು ಬಂದಾಗ ವ್ಯಾಸಭಾರತವೂ ಅಷ್ಟೇ, ಕುಮಾರವ್ಯಾಸ ಭಾರತವೂ ಅಷ್ಟೇ. ಪುಸ್ತಕದ ನಡುವೆ ಬೆರಳಿಟ್ಟು ಎಲ್ಲರೂ ಕಿಟಕಿಯ ಕಡೆಗೆ ತಿರುಗುತ್ತಾರೆ. ಅಂಗೈಯಗಲದ ಗರಿಗರಿ ವಡೆ, ಅದರಲ್ಲಿ ಕಂದಿದ ಈರುಳ್ಳಿ. ಇದರ ಮೇಲೊಂದು ಕಾಫಿ. ಮುಂದೆ ಚನ್ನಪಟ್ಟಣ, ಆಮೇಲೆ ರಾಮನಗರದ ಬಂಡೆಗಳ ಮೇಲೆ ಬಿಸಿಲೇರುವ ನೋಟ. ಬಿಡದಿಯವರೆಗೆ ಯಾರೂ ಕಛೇರಿಯ ಹೆಸರೆತ್ತುವಂತಿಲ್ಲ ಎಂಬುದು ಆ ಬಳಗದ ಕಟ್ಟಳೆ.

ಹಳಿಯ ಚರಿತ್ರೆಯನ್ನೂ ಆ ಬಳಗದಲ್ಲೊಬ್ಬರು ಬಲ್ಲರು. 1876–78ರ ಧಾತು-ಈಶ್ವರ ಬರದಲ್ಲಿ, ಹೊಟ್ಟೆಗಿಲ್ಲದವರಿಗೆ ಕೂಲಿ ಒದಗಿಸಲು ಕೈಗೊಂಡ ಕೆಲಸಗಳಲ್ಲಿ ಈ ಹಾದಿಯೂ ಒಂದು. ಗಾಡಿ ಮೈಸೂರನ್ನು ಮುಟ್ಟಿದ್ದು 1882ರಲ್ಲಿ. ವಡೆ ಕೈಯಲ್ಲಿರುವಾಗ ಈ ಮಾತು ನೆನಪಾದರೆ ತುತ್ತು ಒಂದು ಕ್ಷಣ ಗಂಟಲಲ್ಲಿ ನಿಲ್ಲುತ್ತದೆಂದು ಅವರೇ ಹೇಳುತ್ತಾರೆ. ಹೇಳಿ, ಎರಡನೆಯ ವಡೆ ತೆಗೆದುಕೊಳ್ಳುತ್ತಾರೆ.

ಹೀಗೆ ನಡೆದಿದ್ದ ಕಾಲಕ್ಕೆ ರಾಯರ ಮನೆಯಲ್ಲಿ ಮಿತವ್ಯಯದ ವ್ರತ ಆರಂಭವಾಯಿತು. ಮನೆ ತಂದೆಯ ಕಾಲದ್ದು. ಅದರಲ್ಲಿ ತಮ್ಮನಿಗೆ ಅರ್ಧ ಪಾಲು. ತಮ್ಮ ಒಳ್ಳೆಯವನು. ಮಾರಿ ಹಂಚಿಕೊಳ್ಳೋಣವೆಂದು ಹಟ ಹಿಡಿಯಲಿಲ್ಲ. “ಅಣ್ಣ, ಐದು ವರ್ಷ ಕಾಯುತ್ತೇನೆ. ನನ್ನ ಪಾಲಿನ ಹಣ ಕೊಟ್ಟು ಮನೆಯನ್ನು ನೀನೇ ಇಟ್ಟುಕೊ. ಅಷ್ಟರೊಳಗೆ ಆಗದಿದ್ದರೆ ಮಾತ್ರ ಬೇರೆ ಯೋಚಿಸೋಣ” ಎಂದ. ಆತನಿಗೂ ಓದಿಸಬೇಕಾದ ಮಕ್ಕಳಿದ್ದಾರೆ, ತಪ್ಪು ಹೇಳುವಂತಿಲ್ಲ.

ರಾಯರ ಪತ್ನಿ ಅಂದಿನಿಂದ ಒಂದು ಖರ್ಚಿನ ಪುಸ್ತಕ ತೆರೆದರು. ಭಾನುವಾರದ ಹೋಟಲು ನಿಂತಿತು. ಹಬ್ಬಕ್ಕೆ ಎಲ್ಲರಿಗೂ ಹೊಸ ಬಟ್ಟೆ ಎಂಬುದು ಮಗಳಿಗೆ ಮಾತ್ರ ಎಂದಾಯಿತು. ಮಗಳು, “ಅಪ್ಪ, ನನಗೂ ಬೇಡ” ಎಂದದ್ದನ್ನು ಇಬ್ಬರೂ ಕೇಳಿಸದಂತೆ ನಟಿಸಿದರು. ಆಟೋ ಹತ್ತುವ ಕಡೆ ನಡಿಗೆ ಬಂತು. ಕಾಫಿಪುಡಿಯ ಅಂಗಡಿಯಲ್ಲಿ ಚಿಕೋರಿ ಸ್ವಲ್ಪ ಏರಿತು. ಮನೆಯ ಪ್ರತಿಯೊಂದು ಸಾಲನ್ನೂ ಆ ಪುಸ್ತಕ ಕತ್ತರಿಸಿತು, ಒಂದನ್ನು ಬಿಟ್ಟು. ರಾಯರ ಓಡಾಟದ ಖರ್ಚು ಹಾಲು-ಅಕ್ಕಿಗಳ ಸಾಲಿನಲ್ಲಿಯೇ ಇತ್ತು. ಅದನ್ನು ಮುಟ್ಟುವ ಮಾತೇ ಇಲ್ಲ. ಮನೆಗಾಗಿ ಅಷ್ಟು ಕಷ್ಟ ಪಡುವವರ ಖರ್ಚು ಅದು.

ಎರಡು ವರ್ಷ ಕಳೆದ ಮೇಲೆ ಮೈಸೂರಿನ ಕಛೇರಿಯಲ್ಲಿಯೇ ಒಂದು ಹುದ್ದೆ ತೆರವಾಯಿತು. ಮನೆಯಿಂದ ಹದಿನೈದು ನಿಮಿಷದ ನಡಿಗೆ. ಅರ್ಜಿ ಹಾಕಲು ತಿಂಗಳ ಕೊನೆಯವರೆಗೆ ಅವಕಾಶ.

ರಾಯರು ಸುದ್ದಿಯನ್ನು ಮನೆಯಲ್ಲಿ ಹೇಳಿದ್ದು ಮೂರು ದಿನ ತಡೆದು. ಹೇಳುವಾಗಲೇ ಉತ್ತರವನ್ನೂ ಸಿದ್ಧಪಡಿಸಿಕೊಂಡಿದ್ದರು. “ಬಂದರೆ ಲಾಭವಿಲ್ಲ. ರಾಜಧಾನಿಯ ಮನೆ ಬಾಡಿಗೆ ಭತ್ಯೆ ಇಲ್ಲಿಗಿಂತ ಹೆಚ್ಚು. ಅದೂ ಇದೂ ಸೇರಿ ತಿಂಗಳಿಗೆ 4,000 ಕೈಬಿಡುತ್ತದೆ. ತಮ್ಮನ ಹಣ ಕೂಡಿಸಬೇಕಾದ ಈ ಹೊತ್ತಿನಲ್ಲಿ ಅದು ಸಾಧ್ಯವೇ? ಇನ್ನು ಮೂರು ವರ್ಷ ಹೇಗಾದರೂ ಸಹಿಸಿಕೊಂಡರಾಯಿತು.” ಬೆಂಗಳೂರಿಗೇ ಸಂಸಾರ ಹೂಡುವ ಮಾತನ್ನಂತೂ ಎತ್ತುವಂತೆಯೇ ಇರಲಿಲ್ಲ. ಅಲ್ಲಿಯ ಬಾಡಿಗೆಗೂ ಮುಂಗಡಕ್ಕೂ ಅದುವರೆಗೆ ಕೂಡಿಟ್ಟದ್ದೇ ಸಾಲದು.

ಆಕೆ ಏನೂ ಹೇಳಲಿಲ್ಲ. ಊಟವಾದ ಮೇಲೆ ಖರ್ಚಿನ ಪುಸ್ತಕ ಹಿಡಿದು ಕುಳಿತರು. ಸೀಸನ್ ಟಿಕೆಟ್ಟು ಅಗ್ಗವೇ, ಸಂಶಯವಿಲ್ಲ. 2025ರ ಜುಲೈ 1ರಿಂದ ರೈಲಿನ ದರ ಏರಿದಾಗಲೂ ಅದರ ದರ ಏರಿರಲಿಲ್ಲ. ಆದರೆ ಅಗ್ಗದ ಟಿಕೆಟ್ಟಿನ ಬೆನ್ನಿಗೆ ಪರಿವಾರವೊಂದು ಬರುತ್ತದೆ: ನಿಲ್ದಾಣದಲ್ಲಿ ಸ್ಕೂಟರ್ ನಿಲ್ಲಿಸುವ ಬಾಡಿಗೆ, ದಿನಕ್ಕೆರಡು ಕಾಫಿ, ಮದ್ದೂರಿನ ವಡೆ, ಬಳಗದಲ್ಲೊಬ್ಬರ ಮಗನಿಗೆ ಕೆಲಸವಾದರೆ ಸಿಹಿ, ಇನ್ನೊಬ್ಬರು ನಿವೃತ್ತರಾದರೆ ಶಾಲು, ಆಯುಧಪೂಜೆಗೆ ಡಬ್ಬಿಗೆ ಹೂವಿನ ಹಾರ. ಎಲ್ಲ ಕೂಡಿ ತಿಂಗಳಿಗೆ 3,100.

“ಹಾಗಾದರೆ ಮಿಗುವುದು 900” ಎಂದರು ಆಕೆ.

“ಒಂಬೈನೂರಾದರೂ ಮಿಗುತ್ತದಲ್ಲ! ವರ್ಷಕ್ಕೆ ಹತ್ತು ಸಾವಿರ ದಾಟಿತು. ನಿನ್ನ ಪುಸ್ತಕವೇ ಹೇಳುತ್ತಿದೆ” ಎಂದು ರಾಯರು ಗೆದ್ದವರಂತೆ ಚಾಪೆ ಬಿಡಿಸಿದರು.

ಆಕೆಯ ಪೆನ್ಸಿಲು ನಿಲ್ಲಲಿಲ್ಲ. ಹೋಗಿ ಬರಲು ದಿನಕ್ಕೆ ಆರು ಗಂಟೆ. ತಿಂಗಳಿಗೆ ಕೆಲಸದ ದಿನ 24. ಒಟ್ಟು 144 ಗಂಟೆ, ಅಂದರೆ ತಿಂಗಳಲ್ಲಿ ಆರು ಹಗಲು ಆರು ರಾತ್ರಿ ಅವರ ಮನೆ ಹಳಿಯ ಮೇಲಿತ್ತು. ಒಂಬೈನೂರನ್ನು ನೂರ ನಲವತ್ತನಾಲ್ಕರಿಂದ ಭಾಗಿಸಿದರು.

“ಏನೂಂದ್ರೆ, ನಿಮ್ಮ ಗಂಟೆಗೆ ಆರೂಕಾಲು ರೂಪಾಯಿ ಬೀಳುತ್ತೆ.”

ರಾಯರು ಎದ್ದು ಕುಳಿತರು. ಮೂವತ್ತು ವರ್ಷದ ಸೇವೆಯಲ್ಲಿ ಅವರ ಕಾಲಕ್ಕೆ ಯಾರೂ ಇಷ್ಟು ಕಡಿಮೆ ಬೆಲೆ ಕಟ್ಟಿರಲಿಲ್ಲ. “ಹಾಗೆ ಲೆಕ್ಕ ಹಾಕುವುದು ತಪ್ಪು. ಆ ಗಂಟೆಗಳು ನನಗೇನು ನಷ್ಟವೇ? ಓದುತ್ತೇನೆ, ನಾಲ್ಕು ಜನರೊಡನೆ ಮಾತನಾಡುತ್ತೇನೆ, ಹೊರಗೆ ನೋಡುತ್ತೇನೆ. ಗಾಡಿಯಲ್ಲಿ ನನಗೊಂದು ದಿನವೂ ಬೇಸರವಾದದ್ದಿಲ್ಲ!”

ಬಾಯಿಂದ ಹೊರಬಿದ್ದ ಮೇಲೆ ಮಾತು ಕೇಳಿಸಿತು, ಅವರಿಗೂ.

ಆಕೆ ಪುಸ್ತಕ ಮುಚ್ಚಿದರು. ಧ್ವನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ರಾಯರಿಗೆ ಸುಲಭವಾಗುತ್ತಿತ್ತು. “ನನಗೆ ಅದು ಗೊತ್ತಿಲ್ಲ ಅಂದುಕೊಂಡಿದ್ದೀರಾ? ರೈಲು ನಿಂತುಹೋದ ವರ್ಷ ನೋಡಲಿಲ್ಲವೆ ನಾನು?”

2020ರ ಮಾರ್ಚಿಯ ಕೊನೆಯಲ್ಲಿ ಸೋಂಕಿನ ಭಯದಿಂದ ದೇಶದ ರೈಲುಗಳೆಲ್ಲ ನಿಂತಾಗಿನ ಮಾತು. ಮನೆಯಲ್ಲೇ ಕೂಡಬೇಕಾಗಿ ಬಂದ ಆ ವಾರಗಳಲ್ಲೂ ರಾಯರು ಐದಕ್ಕೇ ಎದ್ದು, ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಗಾಡಿ ಹೊರಡುವ ವೇಳೆ ಕಳೆದ ಮೇಲೆ ಒಳಗೆ ಬಂದು, ಇಡೀ ದಿನ ಯಾರೊಡನೆಯೂ ಸರಿಯಾಗಿ ಮಾತನಾಡುತ್ತಿರಲಿಲ್ಲ. ಎಲ್ಲರಿಗೂ ದಿಗಿಲಿದ್ದ ಕಾಲ. ಮಕ್ಕಳು ಅದನ್ನು ದಿಗಿಲೆಂದೇ ತಿಳಿದರು. ಆಕೆ ತಿಳಿದದ್ದು ಬೇರೆ. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

“ಹೋಗಬೇಡಿ ಅಂತ ನಾನು ಹೇಳೋದಿಲ್ಲ. ಆದರೆ ಮನೆಗೋಸ್ಕರ ಹೋಗ್ತೀನಿ ಅನ್ನಬೇಡಿ. ಹದಿನೈದು ವರ್ಷದಿಂದ ನೀವು ಕಷ್ಟ ಪಡ್ತೀರಿ ಅಂತ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನೀರು ಕಾಯಿಸಿದೆ. ಮಕ್ಕಳ ಶಾಲೆ, ನಿಮ್ಮ ತಾಯಿಯ ಆಸ್ಪತ್ರೆ, ಒಂದಕ್ಕೂ ನಿಮ್ಮನ್ನು ಕೇಳಲಿಲ್ಲ. ದಣಿದು ಬರ್ತಾರೆ, ಪಾಪ ಅಂದೆ. ನಿಮ್ಮ ಸಂತೋಷಕ್ಕೆ ಹೋಗ್ತಿದ್ದೀನಿ ಅಂತ ಒಂದು ಮಾತು ಹೇಳಿದ್ದಿದ್ದರೂ ನೀರು ಕಾಯಿಸ್ತಿದ್ದೆ. ಆದರೆ ಆವಾಗ ಅದು ಬೇರೆ ಲೆಕ್ಕ.”

ಗಂಡಸರಿಗೆ ಇಂಥ ಮಾತಿಗೆ ಉತ್ತರ ಹೊಳೆಯುವುದು ಮರುದಿನ. ರಾಯರಿಗೆ ಮರುದಿನವೂ ಹೊಳೆಯಲಿಲ್ಲ. ಗಾಡಿಯಲ್ಲಿ ಪುಸ್ತಕ ಬಿಚ್ಚಿದರು, ಪುಟ ಮಗುಚಲಿಲ್ಲ. ಪಕ್ಕದವರು ವಡೆ ಮುಂದೆ ಹಿಡಿದಾಗ ಬೇಡವೆಂದರು. ಡಬ್ಬಿಯಲ್ಲಿ ಅದೇ ಒಂದು ಸುದ್ದಿಯಾಯಿತು. “ಮೈಗೆ ಸರಿಯಿಲ್ಲವೆ ಸ್ವಾಮಿ?” ಎಂದು ಕೇಳಿದವರಿಗೆ, “ಲೆಕ್ಕ ಹಾಕುತ್ತಿದ್ದೇನೆ” ಎಂದರು.

ಹಾಕಿದ್ದು ಹಣದ ಲೆಕ್ಕವಲ್ಲ. ಮಗಳು ಸೈಕಲ್ಲು ಕಲಿತದ್ದು ಯಾವಾಗ? ಬಿದ್ದು ಮಂಡಿ ಒಡೆದುಕೊಂಡದ್ದು ಅವರಿಗೆ ತಿಳಿದದ್ದು ಗಾಯ ಮಾಗಿದ ಮೇಲೆ. ತಾಯಿ ಕೊನೆಯ ವರ್ಷದಲ್ಲಿ ಸಂಜೆ ಆರಕ್ಕೇ ಮಲಗಿಬಿಡುತ್ತಿದ್ದರು. ಭಾನುವಾರಗಳನ್ನು ಬಿಟ್ಟರೆ ಅವರು ಎಚ್ಚರವಾಗಿದ್ದುದನ್ನು ರಾಯರು ಎಷ್ಟು ದಿನ ಕಂಡಿದ್ದರು? ಆ ಸಂಜೆಗಳಲ್ಲಿ ರಾಯರು ಎಲ್ಲಿದ್ದರೆಂದರೆ ಚನ್ನಪಟ್ಟಣದ ಆಚೆ ಎಲ್ಲೋ, ಬಳಗದೊಡನೆ ಇಸ್ಪೀಟಿನಲ್ಲಿ, ನಗುತ್ತ. ನಗುತ್ತಿದ್ದುದೇನೂ ಸುಳ್ಳಲ್ಲ. ಅಷ್ಟು ಒಳ್ಳೆಯ ಜನ, ಅಷ್ಟು ಒಳ್ಳೆಯ ಸಂಜೆಗಳು, ಇನ್ನೊಮ್ಮೆ ಎಲ್ಲಿ ಸಿಕ್ಕಾವು? ಹುದ್ದೆ ಮೈಸೂರಿಗೆ ಬಂದರೆ ಸಂಜೆ ಐದೂವರೆಗೆ ಕಛೇರಿ ಬಿಟ್ಟು ಐದೂ ಮುಕ್ಕಾಲಿಗೆ ಮನೆ. ಆಮೇಲೆ ಮಲಗುವವರೆಗೆ ಏನು ಮಾಡುವುದೆಂದು ಯೋಚಿಸಿ ರಾಯರು ನಿಜವಾಗಿಯೂ ಹೆದರಿದರು.

ಆದರೂ ತಿಂಗಳು ಮುಗಿಯಲು ಎರಡು ದಿನವಿರುವಾಗ ಅರ್ಜಿಯನ್ನು ಬರೆದು ಸಲ್ಲಿಸಿದರು. ವರ್ಗಾವಣೆಯ ಆಜ್ಞೆ ಬರುವುದೋ ಇಲ್ಲವೋ, ಬಂದರೆ ಯಾವಾಗಲೋ, ಸರ್ಕಾರಿ ಕೆಲಸ ಬಲ್ಲವರಾರೂ ಹೇಳಲಾರರು. ಅಷ್ಟರಲ್ಲಿ ಸೀಸನ್ ಟಿಕೆಟ್ಟಿನ ಅವಧಿ ಮುಗಿದಿತ್ತು. ಈಗ ಅದನ್ನು ಕೈಯ ಫೋನಿನಲ್ಲೇ ಪಡೆಯಬಹುದು. ರಾಯರು ಮಾತ್ರ ಸಾಲಿನಲ್ಲಿ ನಿಲ್ಲುವವರು. ಅವರು ಕೊಳ್ಳುತ್ತಿದ್ದುದು ಯಾವಾಗಲೂ ಮೂರು ತಿಂಗಳಿನದು. ಒಂದು ತಿಂಗಳ ದರದ 2.7 ಪಟ್ಟು ಕೊಟ್ಟರೆ ಮೂರು ತಿಂಗಳು ದೊರೆಯುತ್ತದೆ. ಮಿತವ್ಯಯಿಗಳಿಗೆ ಅದೇ ದಾರಿ.

“ಮೂರು ತಿಂಗಳಲ್ಲವೆ ಸಾರ್?” ಎಂದರು ಒಳಗಿದ್ದ ಪರಿಚಿತ ಗುಮಾಸ್ತರು, ಕೇಳುವ ಮೊದಲೇ.

“ಇಲ್ಲ, ಒಂದು.”

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. “ನಷ್ಟವಾಗುತ್ತಲ್ಲ ಸಾರ್.”

“ಆಗಲಿ.”

ರಾತ್ರಿ ಟಿಕೆಟ್ಟನ್ನೂ ಚಿಲ್ಲರೆಯನ್ನೂ ಆಕೆಯ ಮುಂದಿಟ್ಟರು. ಆಕೆ ಟಿಕೆಟ್ಟಿನ ತಾರೀಖನ್ನು ಎರಡು ಸಲ ಓದಿದರು, ಏನೂ ಕೇಳಲಿಲ್ಲ. ಖರ್ಚಿನ ಪುಸ್ತಕ ತೆಗೆದು, ಹಾಲು-ಅಕ್ಕಿಗಳ ಪುಟವನ್ನು ದಾಟಿ, ಹಿಂದಕ್ಕೆಲ್ಲೋ ಇದ್ದ ಇನ್ನೊಂದು ಪುಟಕ್ಕೆ ಬಂದರು. ದೀಪಾವಳಿಯ ಪಟಾಕಿ, ಮಗಳ ಸಿನಿಮಾ, ವರ್ಷಕ್ಕೊಮ್ಮೆ ದಸರಾ ವಸ್ತುಪ್ರದರ್ಶನದಲ್ಲಿ ತಿಂದ ಮೆಣಸಿನಕಾಯಿ ಬಜ್ಜಿ ಇವುಗಳ ಕೆಳಗೆ ಸೀಸನ್ ಟಿಕೆಟ್ಟಿನ ಮೊತ್ತವನ್ನು ಬರೆದರು. ರಾಯರು ಬಗ್ಗಿ ನೋಡಿದರು. ಬೆಳಿಗ್ಗೆ ನೀರನ್ನು ತಾವೇ ಕಾಯಿಸಿಕೊಳ್ಳುವುದಾಗಿ ಹೇಳಿ, ಗಡಿಯಾರಕ್ಕೆ ನಾಲ್ಕೂವರೆಗೆ ಅಲಾರಂ ಇಟ್ಟರು.