ಆವತ್ತು ನಮ್ಮನ್ನು ಜೀಪು ಹತ್ತಿಸಿದವರು

ಯಾರೋ ಒಂದು ಹಳೇ ಫೋಟೋ ಕಳಿಸಿದ್ದಾರೆ. ಹತ್ತು ವರ್ಷಕ್ಕೂ ಹಿಂದಿನದು. ಜಿಲ್ಲೆಯಲ್ಲಿ ಕಸ್ತೂರಿರಂಗನ್ ವರದಿ ವಿರುದ್ಧ ಪ್ರತಿಭಟನೆ ಮೇಲೆ ಪ್ರತಿಭಟನೆ ನಡೀತಿದ್ದ ಕಾಲ. ಮುಂದಿನ ಸಾಲಲ್ಲೇ ನಮ್ಮವ್ವ. ಕೈಯಲ್ಲಿ ‘ವರದಿ ಬೇಡ’ ಅನ್ನೋ ಬೋರ್ಡು. ಅವ್ವನಿಗೆ ಓದೋಕೆ ಬರಲ್ಲ.

ನನಗೆ ಆ ದಿನ ಚೆನ್ನಾಗಿ ನೆನಪಿದೆ. ಎಸ್ಟೇಟ್ ಜೀಪು ಲೈನ್ ಮನೆ ಬಾಗಿಲಿಗೇ ಬಂದಿತ್ತು. ಅಕ್ಕನಿಗೆ ಹೆರಿಗೆ ನೋವು ಬಂದ ರಾತ್ರಿ ‘ಡೀಸೆಲ್ ಇಲ್ಲ’ ಅಂದಿದ್ದ ಅದೇ ಜೀಪು. ಆವತ್ತು ಕೆಲಸಕ್ಕೆ ರಜೆ, ಪೂರ್ತಿ ಕೂಲಿ, ಮಧ್ಯಾಹ್ನಕ್ಕೆ ಚಿತ್ರಾನ್ನದ ಪೊಟ್ಟಣ. ‘ಈ ವರದಿ ಬಂದ್ರೆ ನಿಮ್ಮನ್ನೆಲ್ಲ ಎತ್ತಂಗಡಿ ಮಾಡ್ತಾರೆ, ಸೌದೆ ಆರಿಸೋಕೂ ಬಿಡಲ್ಲ’ ಅಂದ್ರು. ನಾನೂ ಜೀಪು ಹತ್ತಿದೆ, ಘೋಷಣೆ ಕೂಗಿದೆ. ಸುಳ್ಳು ಯಾಕೆ ಹೇಳಲಿ.

ಆ ಕರಡು ಅಧಿಸೂಚನೆ ಓದಿದ್ದು ಎಷ್ಟೋ ವರ್ಷ ಆದಮೇಲೆ. ಅದರಲ್ಲಿ ನಿಷೇಧ ಇದ್ದದ್ದು ಯಾವುದಕ್ಕೆ ಗೊತ್ತಾ? ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ರೆಡ್ ಕೆಟಗರಿ ಕಾರ್ಖಾನೆ, 20,000 ಚದರ ಮೀಟರ್‌ ದಾಟಿದ ಹೊಸ ಕಟ್ಟಡ, ಟೌನ್‌ಶಿಪ್ಪು. ನಮ್ಮವ್ವ 20,000 ಚದರ ಮೀಟರ್ ಕಟ್ಟಡ ಕಟ್ಟೋದಿತ್ತಾ? ನಮ್ಮ ಲೈನ್ ಮನೆಯ ಒಂದು ಕೋಣೆ ಹತ್ತಡಿಗೆ ಹತ್ತಡಿ ಇತ್ತು.

ನಾನೇನೂ ಗಾಡ್ಗೀಳರ ಭಕ್ತ ಅಲ್ಲ. ಪರಿಸರ ಅಂತ ಮಾತಾಡೋ ಎಷ್ಟೋ ಜನಕ್ಕೆ ಆನೆ ಕಾಣುತ್ತೆ, ಲೈನ್ ಮನೆ ಕಾಣಲ್ಲ. ‘ಅರಣ್ಯ’ ಅನ್ನೋ ಮಾತು ಕೇಳಿದ್ರೆ ನಮ್ಮವರು ಬೆಚ್ಚಿಬೀಳೋದಕ್ಕೆ ಕಾರಣ ಇದೆ. ಆದ್ರೂ 2011ರ ಗಾಡ್ಗೀಳ್ ವರದಿ ಗ್ರಾಮಸಭೆಗೆ ಬಿಟ್ಟು ತೀರ್ಮಾನಿಸಿ ಅಂದಿತ್ತು. ಅದನ್ನೇ ಮೊದಲು ಬಚ್ಚಿಟ್ಟರು. ಆಮೇಲೆ 2014ರಿಂದ ಕರಡು ಮೇಲೆ ಕರಡು. ಆರನೆಯದು ಬಂದದ್ದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಕುಸಿದ ಮಾರನೇ ದಿನ. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ಸೆಪ್ಟೆಂಬರಿನಲ್ಲಿ ನಮ್ಮ ಸಚಿವ ಸಂಪುಟ ಬೇಡ ಅಂತು. ಹಿಂದಿನ ಸರ್ಕಾರವೂ ಅದನ್ನೇ ಅಂದಿತ್ತು. ಬಾವುಟದ ಬಣ್ಣ ಬೇರೆ ಅಷ್ಟೇ.

ಈಗ ಇನ್ನೊಂದು ಕಡೆ ನೋಡಿ. 2022ರಲ್ಲಿ ರಾಜ್ಯದ ಡೀಮ್ಡ್ ಅರಣ್ಯವನ್ನು ಸುಮಾರು 9.94 ಲಕ್ಷ ಹೆಕ್ಟೇರಿನಿಂದ 3.3 ಲಕ್ಷಕ್ಕೆ ಇಳಿಸಿದರು. ಅದೇ ವರ್ಷ ಭೂಕಂದಾಯ ಕಾಯ್ದೆಗೆ ತಿದ್ದುಪಡಿ: ಸರ್ಕಾರಿ ಕಂದಾಯ ಜಮೀನು ಒತ್ತುವರಿ ಮಾಡಿ ಕಾಫಿ, ಮೆಣಸು, ಏಲಕ್ಕಿ ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಲೀಸು. ಇದರ ವಿರುದ್ಧ ಯಾವ ಜೀಪೂ ಹೊರಡಲಿಲ್ಲ, ಯಾಕೆ ಹೊರಡುತ್ತೆ ಹೇಳಿ?

ದಿಡ್ಡಳ್ಳಿ ಮರೆತಿಲ್ಲ ತಾನೇ? 2016ರ ಡಿಸೆಂಬರ್. ಲೈನ್ ಮನೆಗಳ ಜೀತ ಸಾಕಾಗಿ ಬಂದು ಗುಡಿಸಲು ಹಾಕಿದ್ದ 500ಕ್ಕೂ ಹೆಚ್ಚು ಕುಟುಂಬ, ಬಹುಪಾಲು ಜೇನುಕುರುಬರು, ಯರವರು. ಅರಣ್ಯ ಒತ್ತುವರಿ ಅಂತ ಕೆಡವಿದರು. ಅದಕ್ಕೆ ಸ್ವಲ್ಪ ಮೊದಲಷ್ಟೇ ಮೈಸೂರು–ಕೋಳಿಕ್ಕೋಡ್ ವಿದ್ಯುತ್ ಲೈನಿಗೆ ಇದೇ ಕೊಡಗಿನಲ್ಲಿ ಸಾವಿರಾರು ಮರ ಉರುಳಿದ್ದವು. ಅದು ‘ಅಭಿವೃದ್ಧಿ’.

2018ರಲ್ಲಿ ಮಕ್ಕಂದೂರು, ಮೊಣ್ಣಂಗೇರಿ ಕಡೆ ಗುಡ್ಡ ಜಾರಿತು. 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ನುಗ್ಗಿತು. ಹೊಳೆ ದಂಡೆಯಲ್ಲಿ ಇದ್ದವರು ಯಾರು? ಎತ್ತರದ ಜಾಗದಲ್ಲಿ ತುಂಡು ನೆಲ ಸಿಗದೆ ಇದ್ದವರು.

ಅವ್ವ ಈಗ ಲೈನ್ ಮನೆ ಬಿಟ್ಟು ಒಂದು ಪೈಸಾರಿ ತುಂಡಿನಲ್ಲಿದ್ದಾಳೆ. ಒಂದು ಕಚೇರಿ ಅದು ಕಾಡು ಅನ್ನುತ್ತೆ, ಇನ್ನೊಂದು ಪೈಸಾರಿ ಅನ್ನುತ್ತೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಆದಿವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಸ್ವಾಧೀನದಲ್ಲಿದ್ದರೆ ಸಾಕು. ನಾವು ದಲಿತರು ‘ಇತರೆ ಪಾರಂಪರಿಕ ಅರಣ್ಯವಾಸಿ’. ಅದಕ್ಕೂ ಹಿಂದಿನ ಮೂರು ತಲೆಮಾರು, 75 ವರ್ಷ, ಅಂದ್ರೆ 1930ರಿಂದ ಇಲ್ಲೇ ಇದ್ದೀವಿ ಅಂತ ತೋರಿಸಬೇಕು. ಒತ್ತುವರಿ ಮಾಡಿದ ಸಾಹುಕಾರನಿಗೆ ಈ ಲೆಕ್ಕ ಇಲ್ಲ. ನಮ್ಮ ಮುತ್ತಾತನ ಹೆಸರು ಎಲ್ಲಾದ್ರೂ ಬರೆದಿದ್ರೆ ಎಸ್ಟೇಟಿನ ಹಳೇ ಚೆಕ್‌ರೋಲಲ್ಲಿ ಇರಬೇಕು. ಕೇಳೋಕೆ ಹೋದೆ. ‘ಗೆದ್ದಲು ತಿಂದಿದೆ’ ಅಂದ್ರು. ತಿಂದಿರಬಹುದು. ತೋಟದ ಕಾಗದಗಳು ಮಾತ್ರ ಬೀರುವಿನಲ್ಲಿ ಭದ್ರವಾಗಿದ್ದವು.

ಫೋಟೋನ ಅವ್ವನಿಗೆ ತೋರಿಸಿದೆ. ‘ಆ ಬೋರ್ಡಲ್ಲಿ ಏನು ಬರೆದಿತ್ತು?’ ಅಂತ ಈಗ ಕೇಳಿದಳು. ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚಿತ್ರಾನ್ನ ಹಳಸಿತ್ತು ಕಣೋ ಆವತ್ತು’ ಅಂದಳು.

ಒಂದು ಮನವಿ. ಅರಣ್ಯ ಹಕ್ಕು ನಿಯಮ 13ರಲ್ಲಿ ಹಿರಿಯರ ಹೇಳಿಕೆಯನ್ನೂ ಬರೆಸಿಕೊಂಡು ಸಾಕ್ಷಿಯಾಗಿ ಕೊಡಬಹುದು. ದಾಖಲೆ ಇಲ್ಲ ಅಂತ ಅರ್ಜಿ ವಾಪಸ್ ಮಾಡಿದ್ರೆ ಸುಮ್ಮನೆ ಬರಬೇಡಿ, ಹಿಂಬರಹ ಬರೆಸಿಕೊಳ್ಳಿ. ಸಿದ್ದಾಪುರ, ಪಾಲಿಬೆಟ್ಟ, ಮಾಲ್ದಾರೆ ಕಡೆ ಎಂಬತ್ತು ದಾಟಿದ ಅಜ್ಜ ಅಜ್ಜಿಯಂದಿರು ನಿಮ್ಮ ಲೈನಿನಲ್ಲಿದ್ರೆ ತಿಳಿಸಿ. ಮಳೆ ಶುರುವಾಗೋಕೆ ಮೊದಲು ಬಂದು ಬರೆದುಕೊಳ್ತೀವಿ. ಹಳೇ ಚೆಕ್‌ರೋಲು, ಪಡಿತರ ಚೀಟಿ ಏನೇ ಇರಲಿ, ಫೋಟೋ ತೆಗೆದು ಇನ್‌ಬಾಕ್ಸಿಗೆ ಹಾಕಿ.

ಜೈ ಭೀಮ್.