ಕೊಪ್ಪಳ ಸೀಮೆಯ ಶಾಲೆಗಳ ಬೀಳ್ಕೊಡುಗೆ

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ಕೊಪ್ಪಳ ಸೀಮೆಯ ಬಂಡೆಗಳು ಕಾಯತೊಡಗುತ್ತವೆ. ಎರೆಹೊಲಗಳಲ್ಲಿ ಬಿಳಿಜೋಳದ ಸುಗ್ಗಿ ಮುಗಿದು ಬರಿಯ ಕೂಳೆ ಉಳಿದಿರುತ್ತದೆ. ದಾರಿಯ ಬದಿಯ ಬೇವುಗಳು ಹಳೆಯ ಎಲೆ ಕಳಚಿ ತಾಮ್ರವರ್ಣದ ಚಿಗುರನ್ನು ತಳೆದಿರುತ್ತವೆ. ಈ ದಿನಗಳಲ್ಲಿ ಕೊಪ್ಪಳದಿಂದ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಡೆ ಬಸ್ಸಿನಲ್ಲಿ ಹೊರಟ ಪ್ರವಾಸಿಗನಿಗೆ ಹಳ್ಳಿಹಳ್ಳಿಯಲ್ಲೂ ಒಂದೇ ಬಗೆಯ ನೋಟ ಎದುರಾಗುತ್ತದೆ. ಊರ ಹೊರಗಿನ ಪ್ರೌಢಶಾಲೆಯ ಬಾಗಿಲಿಗೆ ಮಾವಿನ ತೋರಣ, ಅಂಗಳದ ತುಂಬ ರಂಗೋಲಿ, ಬಣ್ಣದ ಶಾಮಿಯಾನ, ಕರಕರ ಸದ್ದಿನ ಧ್ವನಿವರ್ಧಕ. ಸೀರೆಯುಟ್ಟು, ಮುಡಿತುಂಬ ಮಲ್ಲಿಗೆ ಮುಡಿದು ಗುಂಪುಗುಂಪಾಗಿ ಬರುವ ಹುಡುಗಿಯರನ್ನು ಕಂಡು ಯಾವುದೋ ಮದುವೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅದು ಹತ್ತನೆಯ ತರಗತಿಯ ಬೀಳ್ಕೊಡುಗೆ.

ಹುಡುಗಿಯರು ಉಟ್ಟ ಸೀರೆಗಳು ಬಹುಮಟ್ಟಿಗೆ ಅವರವಲ್ಲ. ತಾಯಿಯದೋ ಸೋದರತ್ತೆಯದೋ ಪೆಟ್ಟಿಗೆಯಿಂದ ಒಂದು ದಿನದ ಮಟ್ಟಿಗೆ ಎರವಲು ಬಂದ ಇಳಕಲ್ ಸೀರೆಗಳು. ನೆರಿಗೆ ಹಿಡಿದು ನಡೆಯಲು ಬಾರದೆ ಮೆಟ್ಟಿಲ ಬಳಿ ನಗುತ್ತ ನಿಲ್ಲುವವರೂ ಉಂಟು. ಮೊದಲು ಸರಸ್ವತಿಯ ಪೂಜೆ. ಆಮೇಲೆ ಭಾಷಣಗಳು. ಈ ದಿನ ಆತಿಥ್ಯದ ಭಾರವೆಲ್ಲ ಒಂಬತ್ತನೆಯ ತರಗತಿಯವರದು. ಮಾತಿನ ಸರದಿ ಮಾತ್ರ ಹತ್ತನೆಯವರದು. 'ವೇದಿಕೆಯ ಮೇಲೆ ಆಸೀನರಾಗಿರುವ ಪೂಜ್ಯ ಗುರುಗಳೇ' ಎಂದು ಬಾಯಿಪಾಠ ಮಾಡಿದ ಗ್ರಂಥಭಾಷೆಯಲ್ಲಿ ಎಲ್ಲರೂ ಆರಂಭಿಸುತ್ತಾರೆ. ನಾಲ್ಕನೆಯ ವಾಕ್ಯಕ್ಕೆ ಗಂಟಲು ಕಟ್ಟುತ್ತದೆ, ಕೈಯ ಚೀಟಿ ಮಡಿಚಿಹೋಗುತ್ತದೆ. ಬಳಿಕ ಬರುವುದು ಮನೆಯ ಮಾತು: 'ನಮ್ಮ ಅಕ್ಕೋರು ನಮಗ ಬೈದಿದ್ದು ನಮ್ಮ ಒಳ್ಳೇದಕ್ಕ ಐತ್ರಿ, ನಾವು ತಪ್ಪ ಮಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ.' ಇಷ್ಟರಲ್ಲಿ ಎದುರಿನ ಜಮಖಾನೆಯ ಮೇಲೆ ಕುಳಿತವರೆಲ್ಲ ಸೆರಗಿನಿಂದ ಕಣ್ಣೊರೆಸುತ್ತಿರುತ್ತಾರೆ. ಕನ್ನಡದ ಮೊದಲ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣನಗರವೂ ಒಂದು. ಆ ಕೊಪಣವೇ ಇಂದಿನ ಕೊಪ್ಪಳವೆಂಬುದು ವಿದ್ವಾಂಸರ ಮತ. ಚೀಟಿಯ ಭಾಷಣ ಕೆಟ್ಟು ಬಾಯಿಗೆ ಬಂದ ಆ ಮಾತಿನಲ್ಲಿಯೇ ತಿರುಳು ಹೆಚ್ಚೆಂದು ಕೇಳಿದವರಿಗೆ ತೋರದೆ ಇರದು.

ಹೊರಡುವ ತರಗತಿಯವರು ಶಾಲೆಗೆ ಏನಾದರೊಂದು ಕಾಣಿಕೆ ಕೊಡುವುದು ವಾಡಿಕೆ: ಗೋಡೆ ಗಡಿಯಾರ, ನಾಲ್ಕು ಕುರ್ಚಿ, ವಿಶ್ವೇಶ್ವರಯ್ಯನವರ ಪಟ, ನೀರಿನ ಶೋಧಕ. ಕೊಟ್ಟವರ ಸಾಲಿನ ವರ್ಷವನ್ನು ಅದರ ಮೇಲೆ ಎಣ್ಣೆ ಬಣ್ಣದಲ್ಲಿ ಬರೆಯಿಸಿರುತ್ತಾರೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಸುತ್ತಲೂ ಕಣ್ಣು ಹಾಯಿಸಿದರೆ ಶಾಲೆಯ ಚರಿತ್ರೆಯನ್ನು ಹೀಗೆ ಕುರ್ಚಿಯ ಬೆನ್ನುಗಳ ಮೇಲೆ ಓದಬಹುದು. ಗಡಿಯಾರಗಳ ಪೈಕಿ ಕೆಲವು ನಿಂತೇ ಹೋಗಿರುತ್ತವೆಂಬುದನ್ನು ಯಾರೂ ಎತ್ತಿ ಆಡುವುದಿಲ್ಲ. ಕಡೆಗೆ ಗೋದಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ ಸಾರಿನ ಊಟ; ಊಟವಾದ ಮೇಲೆ ಗುಂಪು ಭಾವಚಿತ್ರ.

ಊಟದ ಪಂಕ್ತಿಯಲ್ಲಿ ಬಡಿಸುತ್ತ ಬರುವ ಶಿಕ್ಷಕರು ಒಬ್ಬೊಬ್ಬರನ್ನೇ ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಾರೆ: 'ಮುಂದ ಏನ್ ಮಾಡ್ತೀಯವಾ ತಂಗಿ?' ಹುಡುಗರಲ್ಲಿ ಕೆಲವರು ಐ.ಟಿ.ಐ. ಎನ್ನುತ್ತಾರೆ, ಕೆಲವರು ವಿಜ್ಞಾನ ಎನ್ನುತ್ತಾರೆ. ಹುಡುಗಿಯರಲ್ಲಿ ಬಹುಮಂದಿಯ ಉತ್ತರ ಒಂದೇ: 'ಮನ್ಯಾಗ ಏನಂತಾರ ನೋಡಬೇಕ್ರಿ ಸರ್.' ಆ ದಿನದ ಅಳುವಿನ ಮರ್ಮವೆಲ್ಲ ಈ ಉತ್ತರದಲ್ಲಿದೆ. ಪಟ್ಟಣದ ಮಕ್ಕಳಿಗೆ ಹತ್ತನೆಯ ತರಗತಿಯೆಂಬುದು ಒಂದು ನಿಲ್ದಾಣ ಮಾತ್ರ; ಇಲ್ಲಿ ಎಷ್ಟೋ ಮಂದಿಗೆ ಅದೇ ಕೊನೆಯ ನಿಲ್ದಾಣವಾಗಿಬಿಡುವ ಭಯವಿದೆ. ಪರೀಕ್ಷೆ ಮುಗಿಯುವುದಕ್ಕೂ ಚೈತ್ರ ವೈಶಾಖಗಳ ಲಗ್ನದ ದಿನಗಳಿಗೂ ನಡುವೆ ಹೆಚ್ಚು ಅಂತರವಿಲ್ಲ. ಹೆಣ್ಣಿಗೆ 18 ತುಂಬದೆ ಮದುವೆ ಕೂಡದೆಂದು ಕಾಯಿದೆ ಸಾರುತ್ತದೆ. ಹತ್ತನೆಯ ತರಗತಿಯ ಹುಡುಗಿಗೆ 15 ಅಥವಾ 16. ನಡುವಿನ ಕಂದಕಕ್ಕೆ ಪಿ.ಯು.ಸಿ.ಯ ಎರಡು ವರ್ಷಗಳೇ ಸೇತುವೆ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿರುವ ಹುಡುಗಿಯ ಮದುವೆಯ ಮಾತೆತ್ತಲು ಬಂಧುಗಳು ತುಸು ಹಿಂಜರಿಯುತ್ತಾರೆಂಬುದು ಇಲ್ಲಿನ ಶಿಕ್ಷಕರೆಲ್ಲ ಬಲ್ಲ ಲೋಕಾನುಭವ.

ಕೊಪ್ಪಳ ಪಟ್ಟಣದಲ್ಲಿ ಈ ಭಯ ಕಡಿಮೆ. ಗುಂಟಕಲ್ಲು ಹುಬ್ಬಳ್ಳಿಗಳ ನಡುವಿನ ರೈಲುಮಾರ್ಗ, 1997ರಿಂದ ಜಿಲ್ಲಾಕೇಂದ್ರದ ಪದವಿ, ಕಾಲೇಜುಗಳು, ಎಲ್ಲಕ್ಕೂ ಮಿಗಿಲಾಗಿ ಗವಿಮಠ. ಜಾತ್ರೆಯ ಕಾಲಕ್ಕೆ ಸುತ್ತಲಿನ ಹಳ್ಳಿಗಳವರು ಬಂಡಿ ಬಂಡಿಯಾಗಿ ಜೋಳದ ರೊಟ್ಟಿಯನ್ನು ಮಠದ ದಾಸೋಹಕ್ಕೆ ತಂದೊಪ್ಪಿಸುತ್ತಾರೆ. ಅದೇ ಹಳ್ಳಿಗಳ ಸಾವಿರಾರು ಮಕ್ಕಳು ಮಠದ ಆಶ್ರಯದಲ್ಲಿ ಉಂಡು ಓದುತ್ತಾರೆ. ಮಠದ ಬೆಟ್ಟದ ಮೇಲೆ ಕೊಡೆಯಂತೆ ಚಾಚಿದ ಬಂಡೆಯ ಕೆಳಗೆ ಅಶೋಕ ಚಕ್ರವರ್ತಿಯ ಕಿರುಶಾಸನವೊಂದಿದೆ. ಕ್ರಿಸ್ತಪೂರ್ವ 3ನೆಯ ಶತಮಾನದ ಆ ಬ್ರಾಹ್ಮೀ ಅಕ್ಷರಗಳ ಅಭಿಪ್ರಾಯ ಸರಳವಾದುದು: ದೊಡ್ಡವರಿಗೆ ಮಾತ್ರ ದೊರಕುವ ಫಲವಲ್ಲ ಇದು, ಸಣ್ಣವರೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲರು. ಪರೀಕ್ಷೆಗೆ ಮುನ್ನ ಗವಿಸಿದ್ಧೇಶ್ವರನಿಗೆ ಕಾಯಿ ಒಡೆಸಲು ಬೆಟ್ಟವೇರುವ ಹುಡುಗರಲ್ಲಿ ಎಷ್ಟು ಮಂದಿ ಆ ಬಂಡೆಯವರೆಗೆ ಹೋಗುತ್ತಾರೋ!

ಕೊಪ್ಪಳದಿಂದ ಪೂರ್ವಕ್ಕೆ ಗಂಗಾವತಿಯ ದಾರಿ ಹಿಡಿದರೆ ಲೋಕವೇ ಬೇರೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿದ ಮೇಲೆ ಎಡದಂಡೆಯ ಕಾಲುವೆಯು ಈ ತಾಲ್ಲೂಕನ್ನು ಭತ್ತದ ಕಣಜವನ್ನಾಗಿ ಮಾಡಿತು. ಆಂಧ್ರದಿಂದ ಬಂದ ರೈತರು ನೆಲೆಯೂರಿದ ಕ್ಯಾಂಪುಗಳು ಎದ್ದವು. ಶ್ರೀರಾಮನಗರದಂಥವು ಈಗ ದೊಡ್ಡ ಊರುಗಳೇ ಆಗಿವೆ. ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬೀಳ್ಕೊಡುಗೆಯಲ್ಲಿ ಅಚ್ಚ ಕನ್ನಡದಲ್ಲಿ ಗುರುಗಳನ್ನು ಕೊಂಡಾಡುವುದನ್ನು ಕೇಳುವುದು ಒಂದು ಸೊಗಸು. ಪಟ್ಟಣದ ಖಾಸಗಿ ಶಾಲೆಗಳಲ್ಲಿ ಮಾತ್ರ ಸಮಾರಂಭದ ರೀತಿ ಬದಲಾಗಿದೆ. ಅಲ್ಲಿ ಕೇಕು ಕತ್ತರಿಸುತ್ತಾರೆ, ಎದೆ ನಡುಗಿಸುವ ಸಂಗೀತಕ್ಕೆ ಕುಣಿಯುತ್ತಾರೆ, ಪ್ರತಿಯೊಂದು ನಗೆಯನ್ನೂ ಕೈಫೋನಿನಲ್ಲಿ ಹಿಡಿದಿಡುತ್ತಾರೆ. ಅಳುವವರು ಕಡಿಮೆ. ಅಳುವುದಕ್ಕೆ ಕಾರಣವೂ ಕಡಿಮೆಯೆನ್ನಬೇಕು. ಮುಂದಿನ ಕಾಲೇಜು ಅದೇ ರಸ್ತೆಯ ಆಚೆ ಬದಿಯಲ್ಲಿರುತ್ತದೆ.

ಗಂಗಾವತಿಯಿಂದ ಕನಕಗಿರಿ, ತಾವರಗೇರಾಗಳ ಮಾರ್ಗವಾಗಿ ಕುಷ್ಟಗಿಗೆ ಸಾಗುವಾಗ ಗದ್ದೆಗಳ ಹಸುರು ಹಿಂದೆ ಸರಿದು ಕೆಂಪು ಮಸಾರಿಯೂ ಕಲ್ಲೂ ಮುಂದೆ ಬರುತ್ತವೆ. ಮಳೆಯನ್ನೇ ನಂಬಿದ ನೆಲವಿದು. ಹಿಂಗಾರಿನ ಸುಗ್ಗಿ ಮುಗಿದೊಡನೆ ಇಲ್ಲಿನ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವೆಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಪರೀಕ್ಷೆಯ ಕಾಲವೂ ಗುಳೆಯ ಕಾಲವೂ ಒಂದೇ ಆದದ್ದು ಈ ಸೀಮೆಯ ದುರ್ದೈವ. ತಂದೆತಾಯಿಗಳು ಬುತ್ತಿ ಕಟ್ಟಿಕೊಂಡು ಹೊರಟರೆ, ಹತ್ತನೆಯ ತರಗತಿಯ ಮಗನೋ ಮಗಳೋ ಅಜ್ಜಿಯ ಬಳಿ ಉಳಿಯಬೇಕು. ಬೀಳ್ಕೊಡುಗೆಯ ದಿನ ಬಂದ ಪೋಷಕರನ್ನು ಗಮನಿಸಿದರೆ ಮುದುಕಿಯರೇ ಹೆಚ್ಚಾಗಿ ಕಾಣುವುದು ಇದೇ ಕಾರಣಕ್ಕೆ. ಪರೀಕ್ಷೆ ಮುಗಿದ ಮರುದಿನವೇ ತಂದೆಯ ಜೊತೆಗೂಡಲು ಬಸ್ಸು ಹತ್ತುವ ಹುಡುಗರು ಉಂಟು. 'ರಜೆಯಲ್ಲಿ ನಾಲ್ಕು ದುಡ್ಡು' ಎಂದು ಹೋಗುವರು. ಕೂಲಿಯ ಹಣದ ರುಚಿ ಕಂಡವರು ಜೂನಿನಲ್ಲಿ ಮರಳಿ ಬರುವರೆಂಬ ಖಾತರಿ ಇಲ್ಲ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊಟ್ಟಮೊದಲು ರೈಲು ಬಂದಾಗ ಊರಿಗೆ ಊರೇ ಸಂಭ್ರಮಿಸಿತು. ಆ ರೈಲು ಮಕ್ಕಳನ್ನು ಹುಬ್ಬಳ್ಳಿಯ ಕಾಲೇಜಿಗೆ ಒಯ್ಯುವುದೋ ದೂರದ ಕೂಲಿಗೆ ಒಯ್ಯುವುದೋ ಎಂಬುದು ಬೇರೆ ಮಾತು.

ಯಲಬುರ್ಗಾ ಒಂದು ಕಾಲದಲ್ಲಿ ಎರಂಬರಗೆಯೆಂದು ಹೆಸರಾಗಿ ಸಿಂದ ಅರಸರ ರಾಜಧಾನಿಯಾಗಿತ್ತು. ಬೀಳ್ಕೊಡುಗೆಯ ಕಥೆಗೆ ಮುಖ್ಯವಾದದ್ದು ಆ ಅರಸರಲ್ಲ. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಕುಕನೂರು. ಈ ನಾಲ್ಕೂ ತಾಲ್ಲೂಕುಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳವಂತೂ ಸಾಲಾರ್‌ಜಂಗರ ಜಹಗೀರು. ಪ್ರೌಢವಿದ್ಯೆಯ ಭಾಷೆ ಉರ್ದು. ಕವಿರಾಜಮಾರ್ಗದ ತಿರುಳ್ಗನ್ನಡದ ನಾಡಿನಲ್ಲಿ ಹುಟ್ಟಿದ ಮಗುವು ಗಣಿತವನ್ನೂ ಚರಿತ್ರೆಯನ್ನೂ ಪರಭಾಷೆಯಲ್ಲಿ ಕಲಿಯಬೇಕಾಗಿತ್ತು. ಅಂಥ ಕಾಲದಲ್ಲಿ, 1922ರಲ್ಲಿ, ಕುಕನೂರಿನಲ್ಲಿ ವಿದ್ಯಾನಂದ ಗುರುಕುಲವು ಹುಟ್ಟಿತು. ಗುರುಕುಲವು ಶತಮಾನ ಕಂಡು ಇಂದಿಗೂ ನಿಂತಿದೆ.

ಕುಕನೂರಿಗೆ ಹತ್ತಿರದ ದ್ಯಾಂಪುರ ಗ್ರಾಮದಲ್ಲಿ 1918ರಲ್ಲಿ ಸಿದ್ದಯ್ಯ ಪುರಾಣಿಕರು ಜನಿಸಿದರು. ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯವು ಹುಟ್ಟಿದ್ದೂ ಅದೇ ವರ್ಷ. ದ್ಯಾಂಪುರದ ಆ ಬಾಲಕನು ಮುಂದೆ ಅದೇ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಆಡಳಿತ ಸೇವೆಯ ಉನ್ನತ ಹುದ್ದೆಗಳಿಗೇರಿ, 'ಕಾವ್ಯಾನಂದ'ನೆಂಬ ಹೆಸರಿನಿಂದ ಕನ್ನಡದಲ್ಲಿ ಕವಿತೆ ಬರೆದನು. ಆ ಪೀಳಿಗೆಯ ಹುಡುಗನಿಗೆ ಊರ ಶಾಲೆಯನ್ನು ಬಿಡುವುದೆಂದರೆ ಊರನ್ನೂ ಭಾಷೆಯನ್ನೂ ಏಕಕಾಲಕ್ಕೆ ಬಿಡುವುದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ವಿಮೋಚನೆಗೊಂಡು, 1956ರಲ್ಲಿ ಈ ಭಾಗವು ರಾಯಚೂರು ಜಿಲ್ಲೆಯೊಂದಿಗೆ ಕನ್ನಡನಾಡನ್ನು ಸೇರಿದ ಮೇಲೆ ಭಾಷೆಯ ಬಾಧೆ ಕಳೆಯಿತು. ದೂರದ ಬಾಧೆಯನ್ನು ಕಳೆಯಲು ಬಹುಕಾಲ ಹಿಡಿಯಿತು. ಎಂಟನೆಯ ತರಗತಿಯವರಿಗೆ ಸರಕಾರವು 2006ರಿಂದ ಹಲವು ವರ್ಷ ಕೊಟ್ಟ ಸೈಕಲ್ಲು, ಹುಡುಗಿಯರಿಗೆ 2023ರ ಜೂನ್‌ನಿಂದ ಬಸ್ಸಿನ ಉಚಿತ ಪ್ರಯಾಣ, ಇವು ಆ ದಾರಿಯ ದೊಡ್ಡ ಹೆಜ್ಜೆಗಳು. 2012ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 371ಜೆ ವಿಧಿಯು ಈ ಪ್ರದೇಶದವರಿಗೆ ವೃತ್ತಿಶಿಕ್ಷಣದಲ್ಲೂ ನೌಕರಿಯಲ್ಲೂ ಮೀಸಲು ಸ್ಥಾನಗಳನ್ನು ತಂದಿತು. ಆದರೆ ಆ ಸ್ಥಾನ ಕಾದಿರುವುದು ಪಿ.ಯು.ಸಿ.ಯ ಹೊಸ್ತಿಲ ಆಚೆಗೆ. ಬೀಳ್ಕೊಡುಗೆಯ ಪಂಕ್ತಿಯಲ್ಲಿ 'ಮನ್ಯಾಗ ಏನಂತಾರ' ಎಂದವಳು ಇನ್ನೂ ಈಚೆಗೇ ಇದ್ದಾಳೆ.

ಸಂಜೆಯಾಗುತ್ತಲೇ ಶಾಮಿಯಾನ ಇಳಿಯುತ್ತದೆ. ಹುಡುಗಿಯರು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳ ಗುಡಿಸುತ್ತಾರೆ, ಯಾರೂ ಹೇಳಿರುವುದಿಲ್ಲ. ಊರಿನ ಕೊನೆಯ ಬಸ್ಸು ಬರುವತನಕ ಮೆಟ್ಟಿಲ ಮೇಲೆ ಕುಳಿತು ಒಬ್ಬರ ಅಂಗೈಗೆ ಒಬ್ಬರು ಲೇಖನಿಯಿಂದ ಹೆಸರು ಬರೆದುಕೊಳ್ಳುತ್ತಾರೆ.

ಆಮೇಲೆ ಪರೀಕ್ಷೆ, ಮೇ ತಿಂಗಳಲ್ಲಿ ಫಲಿತಾಂಶ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಇರುವುದರಿಂದ ನಪಾಸಾದವರಿಗೂ ಬಾಗಿಲು ಮುಚ್ಚಿರುವುದಿಲ್ಲ. ಶಾಲೆಯ ಗುಮಾಸ್ತರು ವರ್ಗಾವಣೆ ಪತ್ರಗಳನ್ನೆಲ್ಲ ಬರೆದು, ಮುದ್ರೆಯೊತ್ತಿ, ದಾರದಿಂದ ಕಟ್ಟಿ ಕಪಾಟಿನಲ್ಲಿಡುತ್ತಾರೆ. ಆ ಪತ್ರ ಬೇಕಾಗುವುದು ಕಾಲೇಜು ಸೇರುವವರಿಗೆ ಮಾತ್ರ. ಜೂನಿನಲ್ಲಿ ಒಬ್ಬೊಬ್ಬರಾಗಿ ಬಂದು ಸಹಿ ಮಾಡಿ ಒಯ್ಯುತ್ತಾರೆ. ಕಟ್ಟು ದಿನದಿನಕ್ಕೆ ತೆಳುವಾಗುತ್ತದೆ. ಕಾಲೇಜಿನ ಪ್ರವೇಶದ ಕೊನೆಯ ದಿನ ಹತ್ತಿರವಾದರೂ ಕಪಾಟಿನಲ್ಲಿ ಕೆಲವು ಪತ್ರಗಳು ಉಳಿದಿರುತ್ತವೆ. ಕಾಳಜಿಯುಳ್ಳ ಮುಖ್ಯೋಪಾಧ್ಯಾಯರಾದರೆ ಆ ಉಳಿದ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡು, ಶಾಲೆ ಬಿಟ್ಟ ಮೇಲೆ ಮೋಟಾರ್ ಸೈಕಲ್ಲನ್ನು ಮನೆಯ ಕಡೆಗೆ ತಿರುಗಿಸದೆ ಹಳ್ಳಿಯ ದಾರಿಗೆ ತಿರುಗಿಸುತ್ತಾರೆ.