ಚೊಚ್ಚಲ ತಾಯಿ, ಎಳೆಯ ಮರಿ

ನಿಮ್ಮಲ್ಲಿ ಬಹುಮಂದಿ ಆಕಳು ಎಮ್ಮೆಗಳ ನಡುವೆ ಹುಟ್ಟಿ ಬೆಳೆದವರು. ಈಯುವ ಹಸುವಿನ ಬಳಿ ಕಂದೀಲು ಹಿಡಿದು ರಾತ್ರಿ ಕಳೆದ ಅನುಭವ ನಿಮಗೆ ಹೊಸದಲ್ಲ. ಆದರೆ ಕುದುರೆಯ ಬಾಣಂತನ ಮಾಡಿದವರು ನಿಮ್ಮಲ್ಲಿ ಎಷ್ಟು ಜನರಿರಬಹುದು? 68ನೆಯ ವಯಸ್ಸಿನವರೆಗೆ ನಾನೂ ಅದನ್ನು ಕಂಡವನಲ್ಲ. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ, ಕಾಗುಣಿತ ಕಲಿಸಿ ನಿವೃತ್ತನಾದ ನನಗೆ ಕುದುರೆ ಎಂದರೆ ಮದುವೆಯ ಮೆರವಣಿಗೆಯಲ್ಲಿ ದೂರದಿಂದ ನೋಡುವ ಪ್ರಾಣಿಯಾಗಿತ್ತು.

ನಮ್ಮೂರು ಇಂಡಿ ತಾಲ್ಲೂಕಿನ ಭೀಮಾತೀರದ ಒಂದು ಹಳ್ಳಿ. ಭೀಮೆಯ ಕೊಳ್ಳದ ಕುದುರೆಗಳಿಗೆ ಒಂದು ಕಾಲದಲ್ಲಿ ದೊಡ್ಡ ಹೆಸರಿತ್ತು. ಮರಾಠರ ದಂಡಿನಲ್ಲಿ ಓಡಿದ ಗಿಡ್ಡ ಮೈಕಟ್ಟಿನ, ಗಟ್ಟಿ ಗೊರಸಿನ ಭೀಮಥಡಿ ತಟ್ಟುಗಳು ಇಲ್ಲಿಯವೇ. ಅದಕ್ಕೂ ಬಹಳ ಹಿಂದೆ, 12ನೆಯ ಶತಮಾನದ ಮೊದಲ ಭಾಗದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ವಿಚಾರಕ್ಕೂ ಸ್ಥಳ ಕೊಟ್ಟಿದ್ದಾನೆ. ದಂಡು ಹೋಯಿತು, ದೊರೆಗಳು ಹೋದರು; ಆ ತಳಿಯನ್ನು ಇಂದಿಗೂ ಉಳಿಸಿಕೊಂಡು ಬಂದವರು ಕುರಿಗಾರರು. ಗುಡಾರದ ಕಂಬಳಿ, ಅಡುಗೆಯ ಪಾತ್ರೆ, ಹೆಜ್ಜೆ ಕಿತ್ತಿಡಲಾರದ ಎಳೆಯ ಕುರಿಮರಿ, ಒಮ್ಮೊಮ್ಮೆ ಕೋಳಿಯ ಬುಟ್ಟಿ, ಎಲ್ಲವನ್ನೂ ಹೊತ್ತು ಈ ತಟ್ಟುಗಳು ಹಿಂಡಿನೊಡನೆ ನೂರಾರು ಮೈಲಿ ನಡೆಯುತ್ತವೆ.

2021ರ ಮಹಾನವಮಿ ಕಳೆದು ನಮ್ಮೂರಿನ ಕುರಿಗಾರನೊಬ್ಬನು ತನ್ನ ಹಿಂಡಿನೊಡನೆ ತುಂಗಭದ್ರಾ ಕಾಲುವೆಯ ಸೀಮೆಗೆ ಹೊರಡುವವನಿದ್ದ. ಹೊರಡುವ ಮುಂಚೆ ನಾಲ್ಕು ರಾತ್ರಿ ನನ್ನ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದ್ದ. ಅವನ ಬಳಿಯ ನಾಲ್ಕು ವರ್ಷದ ಕಂದುಬಣ್ಣದ ಹೆಣ್ಣುಕುದುರೆಯೊಂದು ಮುಳ್ಳುತಂತಿಗೆ ಸಿಕ್ಕು ಬಲಗಡೆಯ ಹಿಂಗಾಲನ್ನು ಸೀಳಿಕೊಂಡಿತ್ತು. ಅದಿನ್ನೂ ಹೇರು ಹೊತ್ತದ್ದಲ್ಲ, ಹಗ್ಗಕ್ಕೆ ಪಳಗಿದ್ದಲ್ಲ. ಜೊತೆಗೆ ಚೊಚ್ಚಲ ಗಬ್ಬ. ಅಷ್ಟು ದೂರ ನಡೆಯುವುದು ಅದರಿಂದಾಗದೆಂದು ಅವನು ನನ್ನ ಮುಂದೆ ಬಂದು ನಿಂತ. "ನಾ ಬರೂತನಕ ಇದನ್ನ ಇಟ್ಕೋರಿ ಮಾಸ್ತರ" ಎಂದ.

ಇಲ್ಲಿ ಒಂದು ವಿಷಯವನ್ನು ನಿಮ್ಮಿಂದ ಮುಚ್ಚಿಡಲಾರೆ. ಈ ಕುರಿಗಾರನು ನನ್ನ ವಿದ್ಯಾರ್ಥಿಯಾಗಿದ್ದವನು. ಮೂರನೆಯ ಇಯತ್ತೆಯಲ್ಲಿ ಏಳರ ಮಗ್ಗಿ ಬಾರದೆ ನಿಂತಾಗ ನಾನು ಅವನ ಅಂಗೈ ಬಾಯುವಂತೆ ಬಾರಿಸಿದ್ದೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಆ ಕಾಲದಲ್ಲಿ ಅದು ದೊಡ್ಡ ಮಾತಾಗಿರಲಿಲ್ಲ. ಹಾಜರಿಪಟದಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದದ್ದಷ್ಟೆ. ಅವನು ಅದನ್ನು ನೆನಪಿಸಲಿಲ್ಲ, ನಾನೂ ಎತ್ತಲಿಲ್ಲ. ಇಲ್ಲವೆನ್ನುವ ಬಾಯಿ ಮಾತ್ರ ನನಗಿರಲಿಲ್ಲ.

ಹೊರಡುವ ಮುನ್ನ ಮೂರು ದಿನ ಅವನು ನನಗೆ ಪಾಠ ಹೇಳಿದ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಮಾತ್ರ ಕಾಣದು. ಆದುದರಿಂದ ಹಿಂದಿನಿಂದ ಹೋಗಬಾರದು, ಎದುರಿನಿಂದ ಕೈ ಎತ್ತಿಕೊಂಡೂ ಹೋಗಬಾರದು. ಹೆಗಲಿನ ಕಡೆಯಿಂದ, ಓರೆಯಾಗಿ, ಮಾತಾಡುತ್ತ ಹೋಗಬೇಕು. ಕಿವಿ ಹಿಂದಕ್ಕೆ ಮಡಚಿತೋ, ಕತ್ತು ಬಿಗಿಯಿತೋ, ಅಲ್ಲಿಯೇ ನಿಲ್ಲಬೇಕು. ಅದು ತಲೆ ತಗ್ಗಿಸಿ ಉಸಿರು ಬಿಟ್ಟಿತೆಂದರೆ ನಾವೇ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಈ ಕೊನೆಯದು ನನ್ನ ಬುದ್ಧಿಗೆ ಹತ್ತಲಿಲ್ಲ. ಒಪ್ಪಿದ ಮೇಲೆ ಮುಂದೆ ಹೋಗಬೇಕಲ್ಲವೇ ಎಂದು ಕೇಳಿದೆ. "ಅಂಜಿಕಿ ಬಿಟ್ಟದ್ದಕ್ಕ ಅದಕ್ಕೇನರ ಸಿಗಬೇಕಲ್ರಿ. ನಾವು ಸರಿಯೂದs ಅದಕ್ಕ ಇನಾಮ" ಎಂದ.

ಚಳಿಗಾಲವೆಲ್ಲ ಆ ಒಂದು ಹೆಜ್ಜೆಯ ಅಭ್ಯಾಸದಲ್ಲಿಯೇ ಕಳೆಯಿತು. ಕುದುರೆಗಳು ಒಂದರ ಹೆಗಲ ದಿಣ್ಣೆಯನ್ನು ಇನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆದು ಸ್ನೇಹ ತೋರುವುದುಂಟು. ಆ ಜಾಗದಲ್ಲಿ ಬೆರಳುಗಳಿಂದ ಕೆರೆಯಲು ಅವಳು ನನಗೆ ಅನುಮತಿ ಕೊಟ್ಟದ್ದು ಸಂಕ್ರಾಂತಿಯ ಹೊತ್ತಿಗೆ. (ನೋಡಿ, ಆಗಲೇ 'ಅದು' ಹೋಗಿ 'ಅವಳು' ಆಗಿಬಿಟ್ಟಳು.) ಎಡಗಡೆ ಮಾತ್ರ. ಗಾಯವಿದ್ದ ಬಲಗಡೆಗೆ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಕುದುರೆಯ ಗರ್ಭ ಸುಮಾರು 11 ತಿಂಗಳು. 2022ರ ಹೋಳಿಹುಣ್ಣಿಮೆಯ ಹೊತ್ತಿಗೆ ಅವಳ ಕೆಚ್ಚಲು ತುಂಬಿ, ಎರಡು ಮೊಲೆಗಳ ತುದಿಯಲ್ಲಿಯೂ ಮೇಣದಂತಹ ಹನಿಗಳು ಕಟ್ಟಿದವು. ಹುಣ್ಣಿಮೆ ಕಳೆದ ಮೂರನೆಯ ರಾತ್ರಿ, ಸುಮಾರು ಎರಡು ಗಂಟೆಗೆ, ಈದಳು. ಕುದುರೆಗಳು ಬಹುಮಟ್ಟಿಗೆ ರಾತ್ರಿಯ ನೀರವದಲ್ಲಿಯೇ ಈಯುತ್ತವೆ, ಅದೂ ಬೇಗ. ನಾನು ಎದ್ದು ಹೋಗುವಷ್ಟರಲ್ಲಿ ಹುಲ್ಲಿನ ಮೇಲೆ ಒದ್ದೆಯಾದ ಹೆಣ್ಣುಮರಿಯೊಂದು ಉದ್ದ ಕಾಲುಗಳನ್ನು ಹೇಗೆ ಜೋಡಿಸಿಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು. ಗೊರಸುಗಳ ತುದಿಯಲ್ಲಿ ತಾಯಿಯ ಒಡಲಿಗೆ ಗಾಯವಾಗದಿರಲೆಂದು ಸೃಷ್ಟಿಯೇ ತೊಡಿಸಿದ ಮೃದುವಾದ ಹೊದಿಕೆ ಇತ್ತು. ನಡೆದಂತೆ ಅದು ಸವೆದುಹೋಗುತ್ತದೆ. ಐದಾರು ಬಾರಿ ಬಿದ್ದು, ಮುಕ್ಕಾಲು ಗಂಟೆಯಲ್ಲಿ ಮರಿ ಎದ್ದು ನಿಂತಿತು. ನಾನು ಹಿಗ್ಗಿದೆ.

ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಮರಿ ಮೊಲೆ ಹುಡುಕುತ್ತ ಕೆಚ್ಚಲಿಗೆ ಮೂತಿ ತಾಗಿಸಿದೊಡನೆ ತಾಯಿ ಕಿರುಚಿ ಸುತ್ತು ತಿರುಗಿದಳು. ಮತ್ತೆ ಹೋಯಿತು, ಹಿಂಗಾಲು ಎತ್ತಿದಳು. ದ್ವೇಷವಲ್ಲ, ಮರಿಯ ಮೈ ಮೂಸುತ್ತಿದ್ದಳು, ನೆಕ್ಕುತ್ತಿದ್ದಳು. ಚೊಚ್ಚಲ ತಾಯಿಗೆ ತುಂಬಿ ಬಿಗಿದ ಕೆಚ್ಚಲು ನೋಯುತ್ತದೆ, ಮುಟ್ಟಿದರೆ ಕಚಗುಳಿಯೂ ಆಗುತ್ತದೆ. ಮೂರೂವರೆಗೆ ತಾಲ್ಲೂಕಿನ ಪಶುವೈದ್ಯರಿಗೆ ಫೋನು ಮಾಡಿದೆ. ಆ ಸರಿರಾತ್ರಿಯಲ್ಲಿಯೂ ಆ ಪುಣ್ಯಾತ್ಮರು ಬೇಸರಿಸದೆ ತಿಳಿಸಿ ಹೇಳಿದರು. ಮನುಷ್ಯಶಿಶುವಿಗೆ ರೋಗವನ್ನು ತಡೆಯುವ ಶಕ್ತಿ ಗರ್ಭದಲ್ಲಿಯೇ ತಾಯಿಯ ರಕ್ತದಿಂದ ಬರುತ್ತದೆ, ಕುದುರೆಮರಿಗೆ ಹಾಗಲ್ಲ. ಅದಕ್ಕೆ ಎಲ್ಲವೂ ಗಿಣ್ಣುಹಾಲಿನಿಂದಲೇ ಸಿಗಬೇಕು. ಆ ಸತ್ವವನ್ನು ಹೀರಿಕೊಳ್ಳುವ ಸಾಮರ್ಥ್ಯ ಮರಿಯ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು, ಒಂದು ದಿನ ಕಳೆದರೆ ಇಲ್ಲವೇ ಇಲ್ಲ. ಸಾಮಾನ್ಯವಾಗಿ ಒಂದು ಗಂಟೆಯಲ್ಲಿ ಮರಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಹಾಲು ಕುಡಿಯಬೇಕು, ಮೂರು ಗಂಟೆಯಲ್ಲಿ ತಾಯಿಗೆ ಮಾಸು ಬೀಳಬೇಕು. ಬೆಳಗಿನ ಆರರವರೆಗೆ ಪ್ರಯತ್ನಿಸಿರಿ, ಆಗದಿದ್ದರೆ ನಳಿಕೆ ತೆಗೆದುಕೊಂಡು ನಾನೇ ಬರುತ್ತೇನೆ ಎಂದರು.

ಅಷ್ಟರಲ್ಲಿ ನೆರೆಯ ನಾಲ್ಕು ಜನ ಸೇರಿದ್ದರು. ಕಾಲು ಕಟ್ಟಿರಿ ಎಂದನೊಬ್ಬ. ಮೇಲ್ದುಟಿಗೆ ಹಗ್ಗ ಸುತ್ತಿ ತಿರುಚಿದರೆ ಕುದುರೆ ಅಲುಗಾಡದು ಎಂದ ಇನ್ನೊಬ್ಬ. ಹಗ್ಗ ನನ್ನ ಕೈಯಲ್ಲಿಯೇ ಇತ್ತು. ಮರಿಯು ಕಾಲು ನಡುಗಿಸುತ್ತ ಗೋಡೆಯನ್ನು ಚೀಪಲು ಹತ್ತಿತ್ತು. ಆ ದೃಶ್ಯವನ್ನು ನೋಡಿದರೆ ನೀವಾದರೂ ಹಗ್ಗವನ್ನೇ ಬಳಸುತ್ತಿದ್ದಿರೋ ಏನೋ. ಬಲವಂತವನ್ನು ಎಂದೂ ಮಾಡಬಾರದೆಂದು ನಾನು ವಾದಿಸುವವನಲ್ಲ. ಬೇರೆ ದಾರಿಯೇ ಇಲ್ಲದಾಗ ವೈದ್ಯರೂ ಕಟ್ಟುತ್ತಾರೆ. ಆದರೆ ಕಟ್ಟುವ ಮೊದಲು ಅವಳ ಒಡೆಯನನ್ನು ಕೇಳೋಣವೆನಿಸಿ ಕುರಿಗಾರನಿಗೆ ಫೋನು ಹಚ್ಚಿದೆ. ಯಾವುದೋ ಗದ್ದೆಯ ನಡುವಿನಿಂದ ಅವನ ನಿದ್ದೆಗಣ್ಣಿನ ದನಿ ಬಂದಿತು. "ಹಗ್ಗ ಬಿಡ್ರಿ ಮಾಸ್ತರ. ಮಂದಿನ ಹೊರಗ ಕಳಿಸ್ರಿ. ದೀಪ ಸಣ್ಣದು ಮಾಡ್ರಿ. ಅವ್ವಾರನ್ನ ಕರೀರಿ."

ಅವ್ವಾರು ಎಂದರೆ ನನ್ನ ಗೃಹಿಣಿ. 40 ವರ್ಷ ಎಮ್ಮೆ ಹಿಂಡಿದ ಕೈ ಅವಳದು. ನಾನು ಎಡ ಹೆಗಲ ಬಳಿ ನಿಂತು ದಿಣ್ಣೆ ಕೆರೆಯುತ್ತಿದ್ದೆ. ಅವಳು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊದಲು ಕುದುರೆಯ ಪಕ್ಕೆಗೆ, ಬಳಿಕ ಹೊಟ್ಟೆಗೆ, ಬಹಳ ಹೊತ್ತಿನ ಮೇಲೆ ಕೆಚ್ಚಲಿಗೆ ತಾಗಿಸಿದಳು. ಕಾಲು ಎತ್ತುವ ಸೂಚನೆ ಕಂಡೊಡನೆ, ಎತ್ತುವ ಮೊದಲೇ, ಕೈ ತೆಗೆಯುತ್ತಿದ್ದಳು. ಎಷ್ಟು ಸಲವೋ ಲೆಕ್ಕವಿಡಲಿಲ್ಲ. ಕೊನೆಗೆ ನಾಲ್ಕು ಹನಿ ಹಾಲು ಹಿಂಡಿದಳು. ಬಿಗಿತ ಸ್ವಲ್ಪ ಸಡಿಲವಾಯಿತೆಂದು ತೋರುತ್ತದೆ. ಕುದುರೆ ತಲೆ ತಗ್ಗಿಸಿ ದೀರ್ಘವಾಗಿ ಉಸಿರು ಬಿಟ್ಟಿತು. ಆ ಹಾಲನ್ನು ಬೆರಳಿಗೆ ಹಚ್ಚಿ ಮರಿಗೆ ನೆಕ್ಕಿಸುತ್ತ, ಬೆರಳ ಹಿಂದೆಯೇ ಅದನ್ನು ಮೊಲೆಯವರೆಗೆ ಕರೆತಂದಳು. ಚಪ್ಪರಿಸುವ ಸದ್ದು ಕೇಳಿದಾಗ ಐದು ಗಂಟೆಗೆ ಹತ್ತು ನಿಮಿಷವಿತ್ತು. ಮಾಸು ಅಷ್ಟರಲ್ಲಿ ಬಿದ್ದಿತ್ತು. ಹರಿದು ಒಳಗೆ ಉಳಿದಿದೆಯೇ ಎಂದು ಹರಡಿ ನೋಡಿದೆವು. ಒಂದು ತುಂಡು ಒಳಗುಳಿದರೂ ತಾಯಿಯ ಜೀವಕ್ಕೆ ಅಪಾಯ.

ಮುಂದಿನ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. ಹೊಕ್ಕುಳಿಗೆ ವೈದ್ಯರು ಹೇಳಿದಂತೆ ಔಷಧ ಹಚ್ಚಿದೆವು. ಮೊದಲ ಕಪ್ಪು ಲದ್ದಿ ಆ ದಿನವೇ ಬಿದ್ದಿತು. ಒಂಬತ್ತನೆಯ ದಿನ ಮರಿಗೆ ಭೇದಿ ಹತ್ತಿದಾಗ ಗಾಬರಿಯಾದೆವು; ಆ ವಯಸ್ಸಿನಲ್ಲಿ ಅದು ಸಾಮಾನ್ಯವೆಂದೂ, ತಾಯಿಯ ಕೆಚ್ಚಲನ್ನು ನೋಡುತ್ತಿರಬೇಕೆಂದೂ ವೈದ್ಯರು ಹೇಳಿದರು. ಕೆಚ್ಚಲು ತುಂಬಿ ತೊಟ್ಟಿಕ್ಕುತ್ತಿದ್ದರೆ ಮರಿ ಕುಡಿಯುತ್ತಿಲ್ಲವೆಂದೇ ಅರ್ಥ. ನಮ್ಮದು ಕುಡಿಯುತ್ತಿತ್ತು, ತಾನಾಗಿಯೇ ಗುಣವಾಯಿತು. ಮರಿ ತಾಯಿಯ ಲದ್ದಿಯನ್ನು ತಿನ್ನುವುದನ್ನು ಕಂಡು ಹೇಸಿ ಓಡಿಸಿದ್ದೆ. ಹೊಟ್ಟೆಗೆ ಬೇಕಾದ ಸೂಕ್ಷ್ಮಜೀವಿಗಳು ಅದರಿಂದಲೇ ಬರುತ್ತವೆ ಎಂದು ತಿಳಿದು ಸುಮ್ಮನಾದೆ.

ತಪ್ಪು ನಡೆದದ್ದು ವೈಶಾಖದಲ್ಲಿ. ತಾಯಿಯ ಹಳೆಯ ಗಾಯ ಬೇಸಗೆಯಲ್ಲಿ ಮತ್ತೆ ಬಾಯಿಬಿಟ್ಟು ನೊಣ ಮುತ್ತತೊಡಗಿತ್ತು. ಅಂದು ನನಗೆ ಒಂದು ಲಗ್ನಕ್ಕೆ ಹೋಗುವ ಅವಸರ. ಔಷಧ ಹಿಡಿದು ನೇರವಾಗಿ ಬಲಗಡೆಗೆ ಹೋದೆ. ಅವಳು ಸರಿದಳು, ನಾನು ಗೋಡೆಗೆ ಒತ್ತಿದೆ. ಕಿವಿ ಮಡಚಿದ್ದನ್ನು ಕಂಡೂ ಕಾಣದವನಾದೆ. ಮೂಲೆಯಲ್ಲಿದ್ದ ಕೋಲಿಗೆ ಕೈ ಹೋದದ್ದು ನನಗೇ ಅರಿವಿಲ್ಲ. ಹೊಡೆಯಲಿಲ್ಲ, ಎತ್ತಿದೆ ಅಷ್ಟೆ. ಒದೆ ತೊಡೆಗೆ ಬಿದ್ದಿತು. ಒಂದು ಗೇಣು ಮೇಲಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಬಿದ್ದಲ್ಲಿಂದ ನೋಡುತ್ತೇನೆ, ಮರಿ ತಾಯಿಯ ಆಚೆ ಮಗ್ಗುಲಿಗೆ ಅಂಟಿಕೊಂಡು ನನ್ನನ್ನೇ ನೋಡುತ್ತಿತ್ತು. ಅದು ಅದುವರೆಗೆ ನನ್ನ ಅಂಗಿಯ ಚುಂಗು ಎಳೆದು ಆಡುತ್ತಿದ್ದ ಮರಿ. ಕೋಪದಿಂದ ಕುದುರೆಯ ಹತ್ತಿರ ಹೋಗಬಾರದೆಂದು ಗ್ರೀಕ್ ದೇಶದ ಜೆನೊಫೋನನು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಓದಿದ್ದೆ. ಓದಿದ್ದು ಆ ಹೊತ್ತಿಗೆ ಒದಗಲಿಲ್ಲ.

ಎಡಗಡೆಯಿಂದಲೂ ಅವಳು ನನ್ನನ್ನು ಬಿಟ್ಟುಕೊಳ್ಳಲು ಹನ್ನೊಂದು ದಿನ ಬೇಕಾದವು. ಮರಿ ಮೂರೇ ದಿನಕ್ಕೆ ಬಂದಿತು. ಅದು ಬಂದದ್ದರಿಂದಲೇ ತಾಯಿಯೂ ಬಂದಳೋ ಏನೋ. ಗಾಯಕ್ಕೆ ಔಷಧವನ್ನು ನನ್ನ ಗೃಹಿಣಿಯೇ ಹಚ್ಚಿದಳು, ದಿನಕ್ಕೆ ಒಂದು ಗೇಣಿನಷ್ಟು ಹತ್ತಿರ ಹೋಗುತ್ತ, ಆರನೆಯ ದಿನಕ್ಕೆ.

ಮರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಮುದ್ದಿನಿಂದ ಅದರ ಮುಂಗಾಲುಗಳನ್ನು ಹೆಗಲ ಮೇಲೆ ಇರಿಸಿಕೊಳ್ಳುವುದು, ಕಚ್ಚಿದರೆ ನಗುವುದು ನಮ್ಮ ಮೊಮ್ಮಕ್ಕಳಿಗೆ ಆಟವಾಗಿತ್ತು. ಎರಡು ತಿಂಗಳ ಮರಿಯಲ್ಲಿ ಚೆಂದವಾದದ್ದು ಎರಡು ವರ್ಷದ ಕುದುರೆಯಲ್ಲಿ ಪ್ರಾಣಾಪಾಯ. ಮೈ ಮುಟ್ಟಿಸಿಕೊಳ್ಳಲಿ, ಕಾಲೆತ್ತಿ ಗೊರಸು ತೋರಿಸಲಿ, ಆದರೆ ಮನುಷ್ಯರನ್ನು ತಳ್ಳದಿರಲಿ. ಈ ಮೇರೆಯನ್ನು ಅದಕ್ಕೆ ಹೆಚ್ಚಾಗಿ ಕಲಿಸಿದವಳು ತಾಯಿಯೇ. ಅತಿಯಾದಾಗ ಕಿವಿ ಮಡಚುವಳು, ಅಷ್ಟೇ ಸಾಕಾಗುತ್ತಿತ್ತು.

ಮಿರಗದ ಮಳೆಗೆ ಕುರಿಗಾರನು ಮರಳಿದ. ಮರಿಗೆ ಆರು ತಿಂಗಳು ತುಂಬುವವರೆಗೆ ಹಾಲು ಬಿಡಿಸಬಾರದೆಂದು ಎರಡನ್ನೂ ನಮ್ಮಲ್ಲಿಯೇ ಬಿಟ್ಟು, 2022ರ ದೀಪಾವಳಿಗೆ ಹಿಂಡಿನೊಡನೆ ಹೊಡೆದುಕೊಂಡು ಹೋದ. ತಾಯಿಯ ಮೊಗಕ್ಕೆ ಹಗ್ಗವಿತ್ತು, ಅದು ಜೋಲು ಬಿದ್ದಿತ್ತು. ಮರಿಗೆ ಹಗ್ಗವೇ ಇರಲಿಲ್ಲ. ಹೋಗುವಾಗ ಅವನು ನನ್ನ ಕುಂಟುನಡಿಗೆಯನ್ನು ನೋಡಿ, ಏನಾಯಿತೆಂದು ಕೇಳಿದ. ನಡೆದದ್ದನ್ನೆಲ್ಲ ಹೇಳಿದೆ, ಕೋಲಿನ ಮಾತನ್ನೂ ಬಿಡಲಿಲ್ಲ. ಅವನು ಬಹಳ ಹೊತ್ತು ತನ್ನ ಅಂಗೈಯನ್ನು ನೋಡಿಕೊಂಡು ನಿಂತಿದ್ದ. ಬಳಿಕ, "ಎಡಗಡಿಂದ ಹೋಗ್ಬೇಕಿತ್ರಿ ಮಾಸ್ತರ" ಎಂದ.

ಪ್ರತಿವರ್ಷ ಮಳೆಗಾಲದ ಮುಂಚೆ ಅವರು ನನ್ನ ಹೊಲದಲ್ಲಿ ಬೀಡು ಬಿಡುತ್ತಾರೆ. ಮರಿ ಈಗ ಹೇರು ಹೊರುವ ಕುದುರೆ. ತಾಯಿ ನನ್ನ ದನಿ ಕೇಳಿದರೆ ಬದುವಿನವರೆಗೆ ಬಂದು, ಎಡ ಹೆಗಲನ್ನು ನನ್ನತ್ತ ತಿರುಗಿಸಿ ನಿಲ್ಲುತ್ತಾಳೆ. ಬಲಗಡೆಗೆ ಕೈ ಚಾಚಿದರೆ ಇಂದಿಗೂ ಒಂದು ಹೆಜ್ಜೆ ಸರಿಯುತ್ತಾಳೆ. ನಾನೂ ಒಂದು ಹೆಜ್ಜೆ ಸರಿಯುತ್ತೇನೆ.